ಕಸ ಹೊಡೆಯದ ಮನೆ

ನಿನ್ನೆ ಇಲ್ಲಿ ಪ್ರವಚನ ಮುಗಿಸಿ ಮೆಟ್ಟಿಲಿಳಿಯುವಾಗ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಇವತ್ತೂ ಬಂದಿದ್ದಾರೆ, ಆ ಕಂಬದ ಪಕ್ಕ ಕಂಬಳಿ ಹೊದ್ದು ಕೂತಿದ್ದಾರೆ. "ಎಲ್ಲಾ ಬಲ್ಲವ ದೇವರು ಅಂತೀರಿ. ನಾ ಎಲ್ಲಿದೀನಿ, ಹೆಂಗಿದೀನಿ, ಎಲ್ಲಾ ಅವಂಗ ಗೊತ್ತೈತಿ. ಮತ್ತ ದಿನಾ ಕೈ ಮುಗದು ನಾನ್ಯಾಕ ಹೇಳಬೇಕವ್ವಾ?" ಅಂದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ ಯೋಚಿಸಿದೆ, ಆಗಲೂ ಹೊಳೆಯಲಿಲ್ಲ. ಒಂದು ಕಥೆ ಮಾತ್ರ ಹೊಳೆಯಿತು. ಧನುರ್ಮಾಸದ ಈ ಚಳಿಯಲ್ಲಿ ನಸುಕಿನಲ್ಲೇ ಎದ್ದು ಬಂದಿದ್ದೀರಿ, ಹುಗ್ಗಿ ಇನ್ನೂ ಒಲೆಯ ಮೇಲಿದೆ. ಅದು ಕೆಳಗಿಳಿಯುವುದರೊಳಗೆ ಹೇಳಿ ಮುಗಿಸುತ್ತೇನೆ.

ಬೀಜದ ವ್ಯಾಪಾರಕ್ಕೆ ಹೆಸರಾದ ಊರೊಂದಿತ್ತು. ಅಲ್ಲೊಬ್ಬ ಸಾಹುಕಾರ. ಟೊಮೆಟೊ, ಮೆಣಸಿನಕಾಯಿ, ಸೌತೆ, ಹೂಕೋಸು, ಯಾವ ಬೀಜ ಬೇಕಾದರೂ ಅವನ ಗೋದಾಮಿನಿಂದಲೇ ದೇಶದ ಮೂಲೆ ಮೂಲೆಗೆ ಹೋಗಬೇಕು. ಬೀಜಕ್ಕಿಂತ ಮೊದಲು ಅವನು ಹೋಗುತ್ತಿದ್ದ. ವರ್ಷಕ್ಕೆ ಇಪ್ಪತ್ತು ಸಲ, ಮೂವತ್ತು ಸಲ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತುತ್ತಿದ್ದ. ಕೆಟ್ಟ ಮನುಷ್ಯನಲ್ಲ ನೋಡಿ. ಯಾರಿಗೂ ಮೋಸ ಮಾಡಿದವನಲ್ಲ, ಮಾತು ತಪ್ಪಿದವನಲ್ಲ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ನಿಂತಿರುತ್ತಿದ್ದ. ಹಾಗಂತ ಎಲ್ಲರೂ ಹೊಗಳುತ್ತಿದ್ದರು.

ಅವನು ಹೊರಟಾಗಲೆಲ್ಲ ಹೆಂಡತಿ ಗೇಟಿನ ತನಕ ಬಂದು ಒಂದೇ ಮಾತು ಹೇಳುತ್ತಿದ್ದಳು. "ಮುಟ್ಟಿದ ಮ್ಯಾಲೆ ಒಂದು ಫೋನ್ ಮಾಡ್ರಿ." ಅವನು "ಹೂಂ" ಅನ್ನುತ್ತಿದ್ದ. ತಲುಪಿದ ಮೇಲೆ ಮಾಡುತ್ತಿದ್ದನೇ? ಇಲ್ಲ. ಮರೆತು ಬಿಟ್ಟದ್ದಲ್ಲ. ಮರೆತಿದ್ದರೆ ಕ್ಷಮಿಸಬಹುದಿತ್ತು. ಅದೂ ಮಾಡಬೇಕಾದ ಒಂದು ಕೆಲಸ ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ.

ಹೆಂಡತಿಯ ಮೇಲೆ ಅವನದು ಒಂದೇ ದೂರು. ಅಡುಗೆ ಚೆನ್ನ, ಗುಣ ಚೆನ್ನ, ಆದರೆ ಅವನು ಊರಿಂದ ಬಂದಾಗಲೆಲ್ಲ ಮನೆ ತುಂಬ ಧೂಳು. ಒಂದು ಸಲವೂ ಕಸ ಹೊಡೆದಿರುತ್ತಿರಲಿಲ್ಲ. ಒಮ್ಮೆ ವಿಮಾನ ಇಳಿದು ಇಬ್ಬರು ದೊಡ್ಡ ವ್ಯಾಪಾರಿಗಳನ್ನು ನೇರ ಮನೆಗೇ ಕರೆತಂದ. ಬೂಟು ಬಿಚ್ಚಿ ಒಳಗೆ ಬಂದವರ ಬಿಳಿ ಕಾಲುಚೀಲ ಸೋಫಾ ತಲುಪುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿದವು. ಅವರೆದುರೇ ಕೇಳಿದ, "ಮನಿಯೇನ ಇದು, ಕಣವೇನ?" ಅವಳು ತಲೆ ತಗ್ಗಿಸಿ ಚಹಾ ತರಲು ಹೋದಳು. ಅವರು ಹೋದ ಮೇಲೆ, ಅವನು ಸ್ನಾನಕ್ಕೆ ಹೋದಾಗ, ಇಡೀ ಮನೆ ಕಸ ಹೊಡೆದಳು. ಪ್ರತಿ ಸಲವೂ ಹಾಗೆಯೇ. ಅವನು ಬಂದ ಮೇಲೆಯೇ.

ಕಾರಣ ಹೇಳಬಹುದಿತ್ತಲ್ಲ ಅಂತೀರಿ. ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಬದುಕುವವರು ಇರುತ್ತಾರೆ. ಕೇಳದೇ ಹೇಳಿದರೆ ಆ ಮಾತಿಗೆ ಬೆಲೆ ಇರುವುದಿಲ್ಲ ಅಂದುಕೊಳ್ಳುವವರು. ಅಂಥವರನ್ನು ನಾನು ಸ್ವಲ್ಪ ಬಲ್ಲೆ.

ಹೀಗಿರುವಾಗ ಒಂದು ಜನವರಿ. ಉತ್ತರದಲ್ಲಿ ಮೈ ಕೊರೆಯುವ ಚಳಿ. ಸಾಹುಕಾರನ ಪ್ರಯಾಣ ಹೀಗಿತ್ತು: ಸೋಮವಾರ ದಿಲ್ಲಿ, ಮಂಗಳವಾರ ಚಂಡೀಗಢಕ್ಕೆ ಹೋಗಿ ಮತ್ತೆ ದಿಲ್ಲಿ, ಬುಧವಾರ ಶ್ರೀನಗರ, ಗುರುವಾರ ಲಖನೌ, ಶುಕ್ರವಾರ ಮನೆ. ಐದು ದಿನದಲ್ಲಿ ಎಷ್ಟು ವಿಮಾನ ಹತ್ತಿ ಇಳಿಯಬೇಕು, ನೀವೇ ಎಣಿಸಿ. ಕಾಶ್ಮೀರದ ತರಕಾರಿ ಬೆಳೆಗಾರರೆಲ್ಲ ವಸಂತದ ಬಿತ್ತನೆಗೆ ಬೀಜ ಗೊತ್ತು ಮಾಡುವ ಹೊತ್ತದು. ಬುಧವಾರ ಮಧ್ಯಾಹ್ನ ಮೂರಕ್ಕೆ ಅವರ ಸಂಘದಲ್ಲಿ ಭೇಟಿ.

ಹೊರಡುವಾಗ ಕಾರಿನಲ್ಲಿ ಕೂತು ಹೇಳಿದ, "ಈ ಸಲರೆ ನಾ ಬರೂದ್ರೊಳಗ ಕಸ ಹೊಡದಿರು."

"ಆಗ್ಲಿ. ಮುಟ್ಟಿದ ಮ್ಯಾಲೆ ಒಂದು ಫೋನ್..."

"ಏ, ಎಷ್ಟು ಸಲ ಅದನ್ನ ಹೇಳ್ತಿ? ವಿಮಾನ ಬಿತ್ತು ಅಂತ ಟೀವ್ಯಾಗ ಬರಲಿಲ್ಲಂದ್ರ ಮುಟ್ಟೀನಿ ಅಂತ ತಿಳ್ಕೊ."

ತಮಾಷೆಗೇ ಅಂದದ್ದು. ಡ್ರೈವರ್ ನಕ್ಕ. ಅವಳೂ ನಕ್ಕಳು. ಅದು ಎಂಥ ನಗು ಅಂತ ಇಲ್ಲಿ ಕೂತ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬುಧವಾರ ಬೆಳಿಗ್ಗೆ ದಿಲ್ಲಿಯಲ್ಲಿ ಎಂಥ ಮಂಜು ಅಂದರೆ, ವಿಮಾನ ನಿಲ್ದಾಣದ ಗಾಜಿನಾಚೆ ನಿಂತ ವಿಮಾನವೇ ಕಾಣುತ್ತಿರಲಿಲ್ಲ. ಏಳಕ್ಕೆ ಹೊರಡಬೇಕಾದದ್ದು ಒಂಬತ್ತಾಯಿತು, ಹನ್ನೊಂದಾಯಿತು. ಶ್ರೀನಗರದಲ್ಲಿದ್ದ ಅವನ ಏಜೆಂಟ್ ಫೋನ್ ಮಾಡಿದ. "ಇಲ್ಲಿ ಹಿಮ ಬೀಳ್ತಾ ಇದೆ ಸಾಹೇಬರೇ. ಸಂಘದವರೇ ನಾಡಿದ್ದು ಬರಲಿ ಅಂತಿದ್ದಾರೆ. ಇವತ್ತು ಬೇಡ."

"ಹಿಮ ಹೊರಗ ಬೀಳ್ತೈತಿ. ನಾ ವಿಮಾನದ ಒಳಗ ಇರ್ತೀನಿ" ಅಂದ ಸಾಹುಕಾರ. ಕನ್ನಡದಲ್ಲಿ ಅಂದು, ಆಮೇಲೆ ಹಿಂದಿಯಲ್ಲಿ ಬೈದ. ನೋಡಿ, ಸಂಘದವರೇ ಬೇಡ ಅಂದಿದ್ದರು. ಯಾರೂ ಕಾಯದ ಜಾಗಕ್ಕೆ ಅಷ್ಟು ಅವಸರದಲ್ಲಿ ಹೊರಟಿದ್ದ.

ನಿಲ್ದಾಣದಲ್ಲಿ ಪಕ್ಕದ ಕುರ್ಚಿಯಲ್ಲಿ ಸೈನ್ಯದ ಒಬ್ಬ ಹವಾಲ್ದಾರ ಕೂತಿದ್ದ. ರಜೆ ಮುಗಿಸಿ ತುಕಡಿಗೆ ಹಿಂತಿರುಗುತ್ತಿದ್ದವನು, ನಲವತ್ತರ ಆಸುಪಾಸು. ಫೋನಿನ ಬೈಗುಳ ಕೇಳಿ ಅವನ ಮುಖ ಅರಳಿತು. "ಯಾ ಊರ್ರೀ ಸಾವಕಾರ್ರ? ನಾ ಗದಗ ಕಡೆಯಾವ" ಅಂದ. ಸಾಹುಕಾರ ಊರಿನ ಹೆಸರು ಹೇಳಿ, ಕಾಗದಪತ್ರ ತೆಗೆದು ಅದರಲ್ಲಿ ಮುಖ ಹುದುಗಿಸಿದ. ಹರಟೆಗೆ ಪುರುಸೊತ್ತಿಲ್ಲದ ಮನುಷ್ಯ.

ಮಧ್ಯಾಹ್ನ ವಿಮಾನ ಏರಿತು; ಅದರಲ್ಲೂ ಹವಾಲ್ದಾರನದು ಪಕ್ಕದ ಸೀಟೇ. ಬೆಟ್ಟಗಳನ್ನು ದಾಟಿತು. ಇಳಿಯುತ್ತೇವೆ, ಪಟ್ಟಿ ಬಿಗಿದುಕೊಳ್ಳಿ ಅಂದರು. ಕಿಟಕಿಯಾಚೆ ಬರೀ ಬಿಳುಪು. ಮೇಲೆ ಬಿಳುಪು, ಕೆಳಗೆ ಬಿಳುಪು. ವಿಮಾನ ಒಮ್ಮೆ ಧಡಕ್ಕನೆ ಕುಸಿದು ಎದ್ದಿತು. ಮತ್ತೆ ಕುಸಿಯಿತು. ಕಾಗದಗಳು ಕಾಲಡಿಗೆ ಜಾರಿದವು. ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ಪ್ರಾರ್ಥಿಸತೊಡಗಿದರು. ಬಿಳುಪು ಕ್ಷಣಮಾತ್ರ ಹರಿದಾಗ, ಕಿಟಕಿಯ ಪಕ್ಕದಲ್ಲೇ ಅನ್ನುವಷ್ಟು ಹತ್ತಿರ ಕಪ್ಪು ಮರಗಳು ಕಂಡವು. ಕಂಡವೋ ಇಲ್ಲವೋ, ವಿಮಾನ ಮೂತಿ ಎತ್ತಿ ಗರ್ಜಿಸುತ್ತ ಮೇಲಕ್ಕೆ ಹೋಯಿತು. ಇಳಿಯಲಿಲ್ಲ.

ಸುತ್ತು ಹೊಡೆಯಿತು. ಎರಡನೇ ಸಲ ಇಳಿಯಲು ನೋಡಿತು. ಮತ್ತೆ ಅದೇ ಬಿಳುಪು, ಅದೇ ಕುಸಿತ, ಅದೇ ಗರ್ಜನೆ. ಮತ್ತೆ ಮೇಲಕ್ಕೆ.

ಆಗ ಸಾಹುಕಾರನಿಗೆ ನೆನಪಾದದ್ದು ಏನು? ಗೋದಾಮು ಅಲ್ಲ. ಮೂರು ಗಂಟೆಯ ಭೇಟಿ ಅಲ್ಲ. ಟೀವ್ಯಾಗ ಬರಲಿಲ್ಲಂದ್ರ ಮುಟ್ಟೀನಿ ಅಂತ ತಿಳ್ಕೊ. ತನ್ನದೇ ಮಾತು. ಅವಳು ಈಗ ಟೀವಿ ಮುಂದೆ ಕೂತಿರಬಹುದೇ? ಕೂತಿದ್ದರೆ, ಮುಂದಿನ ಸುದ್ದಿ ಏನಿರುತ್ತದೆ? ಅವಳಿಗೆ ಅವನ ಕೊನೆಯ ಮಾತು ಅದೇ ಆಗಿಬಿಡುತ್ತದೆಯೇ?

ನೋಡಿದರೆ ಅವನ ಕೈ ಹವಾಲ್ದಾರನ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು.

"ಅಂಜಬ್ಯಾಡ್ರಿ" ಅಂದ ಹವಾಲ್ದಾರ. "ನನಗ ಮೂರು ಸಲ ಹಿಂಗಾಗೈತಿ. ಇಳಿಯಾಕ ಬರಲಿಲ್ಲಂದ್ರ ತಿರುಗಿ ಒಯ್ತಾರ. ಆದ್ರ ಒಂದ ಚಿಂತಿ ನೋಡ್ರಿ."

"ಏನದು?"

"ಇವತ್ತೂ ನಮ್ಮವ್ವ ಕಸ ಹೊಡಿಯಾಂಗಿಲ್ಲ."

ಸಾಹುಕಾರ ಅವನ ಮುಖ ನೋಡಿದ.

"ಮನ್ಯಾಗಿಂದ ಒಬ್ರು ಊರಿಗೆ ಹೋದ್ರ, ಅವ್ರು ಮುಟ್ಟೂ ತನಕ ಕಸ ಹೊಡಿಬಾರದಂತ್ರಿ. ಹೋದವ್ರ ಹೆಜ್ಜಿ ಅಳಸಿದಂಗ ಆಗ್ತದಂತ. ನಾ 'ಮುಟ್ಟಿದೆ' ಅಂತ ಹೇಳೂ ತನಕ ನಮ್ಮವ್ವ ಕಸಬರಗಿ ಕೈಲೆ ಹಿಡಿಯಾಕಿ ಅಲ್ಲ. ಒಮ್ಮೆ ಎಂಟು ದಿನ ಫೋನ್ ಸಿಗಲಿಲ್ರಿ. ನಮ್ಮಪ್ಪಗ ಧೂಳಿಗೆ ಸೀನಿ ಸೀನಿ ಸಾಕಾಗಿ, ಮಗ ಗಡಿ ಕಾಯ್ತಾನೋ ಇಲ್ಲೋ, ನಾ ಮಾತ್ರ ಮಣ್ಣಾಗ ಹೊಕ್ಕೆ ಅಂತ ಬೈದಾನ. ಆಕಿ ಜಗ್ಗಿಲ್ಲ." ಹವಾಲ್ದಾರ ನಕ್ಕ. "ನಿಮ್ಮ ಮನ್ಯಾಗೂ ಮಾಡ್ತಿರಬೇಕಲ್ರಿ?"

ಮಾಡುತ್ತಿದ್ದಳೇ? ಸಾಹುಕಾರನಿಗೆ ಗೊತ್ತಿರಲಿಲ್ಲ. ಇಲ್ಲೇ ಸ್ವಲ್ಪ ನಿಲ್ಲಿ. ಹೋಗುವವನಿಗೆ ತಾನು ಹೋದ ಮೇಲಿನ ಮನೆ ಯಾವತ್ತೂ ಕಾಣುವುದಿಲ್ಲ. ಆ ಮನೆಯಿಂದ ನೂರಾರು ಸಲ ಹೊರಟಿದ್ದ. ಗೇಟು ಹಾಕಿದ ಮೇಲೆ ಅವಳು ತಕ್ಷಣ ಒಳಗೆ ಹೋಗುತ್ತಾಳೋ, ಕಾರು ತಿರುಗುವ ತನಕ ನಿಲ್ಲುತ್ತಾಳೋ? ಅವನು ಕುಡಿದಿಟ್ಟ ಲೋಟವನ್ನು ಯಾವಾಗ ಎತ್ತುತ್ತಾಳೆ? ಸಂಜೆ ಯಾವ ಕುರ್ಚಿಯಲ್ಲಿ ಕೂರುತ್ತಾಳೆ? ಒಂದೂ ಗೊತ್ತಿಲ್ಲ. ಆ ಬಿಳುಪಿನ ನಡುವೆ ತೂಗಾಡುತ್ತ ಅವನಿಗೆ ಒಂದೇ ಆಸೆಯಾಯಿತು: ತಾನಿಲ್ಲದ ತನ್ನ ಮನೆಯನ್ನು ಒಮ್ಮೆ ನೋಡಬೇಕು. ಬಾಗಿಲ ಸಂದಿಯಿಂದಲಾದರೂ ಸರಿ. ಅಷ್ಟು ವರ್ಷ ಧೂಳು ಅಂದುಕೊಂಡದ್ದು ಏನು ಅಂತ ಈಗ ತಿಳಿದಿತ್ತು. ಅದು ಅವಳು ಅಳಿಸದೆ ಉಳಿಸಿಕೊಂಡ ಅವನದೇ ಹೆಜ್ಜೆ. ಅದನ್ನೇ ಅವನು ಕಣ ಅಂದಿದ್ದ, ಪರರ ಮುಂದೆ.

ವಿಮಾನ ದಿಲ್ಲಿಗೆ ಹಿಂತಿರುಗಿತು. ಚಕ್ರ ನೆಲ ತಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವನು ತಟ್ಟಲಿಲ್ಲ. ಫೋನ್ ಚಾಲೂ ಮಾಡಿದ. ವ್ಯಾಪಾರದವರ ಇಪ್ಪತ್ತೆರಡು ಸಂದೇಶ ಬಂದಿದ್ದವು. ಮನೆಯಿಂದ ಒಂದೂ ಇಲ್ಲ. ಮೀಟಿಂಗಿನಲ್ಲಿ ಇದ್ದಾಗ ಫೋನ್ ಮಾಡಬೇಡ ಅಂತ ಅವನೇ ಎಂದೋ ಹೇಳಿದ್ದ, ಅವಳು ಪಾಲಿಸಿಕೊಂಡು ಬಂದಿದ್ದಳು.

ಅವನು ಮನೆಗೆ ಫೋನ್ ಮಾಡಿದ. ಅಲ್ಲಿ ಒಂದೇ ರಿಂಗಿಗೆ ಎತ್ತಿದಳು.

"ಶಿವಲೀಲಾ" ಅಂದ. ಇಷ್ಟು ಹೊತ್ತು ನಾನು ಅವಳ ಹೆಸರು ಹೇಳಿರಲಿಲ್ಲ. ಅವನೂ ಎಷ್ಟೋ ವರ್ಷದಿಂದ ಕರೆದಿರಲಿಲ್ಲ. "ಶಿವಲೀಲಾ, ಮುಟ್ಟಿದೆ."

"ಎಲ್ಲಿ ಮುಟ್ಟಿದ್ರಿ?"

"ಎಲ್ಲೂ ಇಲ್ಲ. ಹೊಂಟಲ್ಲಿಗೇ ತಿರುಗಿ ಬಂದೀನಿ. ನೀ ಏನ್ ಮಾಡಾಕತ್ತೀದಿ?"

"ಟೀವಿ ಮುಂದ ಕುಂತೀನ್ರಿ. ಸೋಮಾರದಿಂದ ಕುಂತೀನಿ." ದೂರಿನ ದನಿ ಅಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

"ಹಂಗಾರ ವಿಮಾನ ಬಿದ್ದಿಲ್ಲ ಅಂತ ಗೊತ್ತಿತ್ತಲ್ಲ. ಕಸ ಹೊಡೀಬೇಕಿತ್ತು."

"ಬಿದ್ದಿಲ್ಲ ಅಂತ ಟೀವಿ ಹೇಳ್ತು" ಅಂದಳು. "ಮುಟ್ಟಿದೆ ಅಂತ ನೀವು ಹೇಳಿರಲಿಲ್ಲಲ್ರಿ."

ಅವಳೇ ಮುಂದುವರಿಸಿದಳು, "ದೀಪ ಹಚ್ಚೂ ಹೊತ್ತು ಬಂತು. ಅದಾದ ಮ್ಯಾಲೆ ಕಸಬರಗಿ ಮುಟ್ಟಾಂಗಿಲ್ಲ. ಫೋನ್ ಇಡ್ಲ್ಯಾ? ಲಗೂನ ಒಂದು ಕೈ ಹೊಡದು ಬಿಡ್ತೀನಿ."

"ಇಡಬ್ಯಾಡ. ಅಲ್ಲೇ ಎಲ್ಲಾರ ಇಟ್ಟು ಹೊಡಿ. ನಾ ಕೇಳ್ತೀನಿ."

"ಕಸ ಹೊಡಿಯೂದು ಏನ್ ಕೇಳ್ತೀರಿ?" ನಕ್ಕಳು. ಈ ಸಲದ ನಗು ಬೇರೆ.

ಫೋನನ್ನು ಕಟ್ಟೆಯ ಮೇಲೆ ಇಟ್ಟ ಸದ್ದು ಬಂತು. ಆಮೇಲೆ ಕಸಬರಿಗೆಯ ಸದ್ದು. ಸರ್, ಸರ್. ದೇವರ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಬಾಗಿಲಿಗೆ. ದಿಲ್ಲಿಯ ಆ ನಿಲ್ದಾಣದಲ್ಲಿ ಸಾವಿರಾರು ಜನ ಓಡಾಡುತ್ತಿದ್ದರು. ನಡುವೆ ಒಬ್ಬ ಸಾಹುಕಾರ ಬ್ಯಾಗು ಕಾಲ ಬಳಿ ಇಟ್ಟು, ಫೋನ್ ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತಿದ್ದ. ಸಾವಿರ ಮೈಲಿಗೂ ಆಚೆ ಇದ್ದ ತನ್ನ ಮನೆಯನ್ನು ಮೊದಲ ಸಲ ನೋಡುತ್ತಿದ್ದ.

ಮುಂದೆ ಕೂತ ಅಣ್ಣನವರು, ಬೀಜದ ವ್ಯಾಪಾರ ಏನಾಯಿತು ಅಂತ ಕೇಳುತ್ತಿದ್ದಾರೆ. ಆಯಿತು ಅಣ್ಣಾ. ಎರಡು ದಿನ ತಡವಾಗಿ, ಫೋನಿನಲ್ಲೇ ಆಯಿತು. ಹೋಗುವ ಅಗತ್ಯವೇ ಇರಲಿಲ್ಲ.

ಈಗ ಕಂಬದ ಪಕ್ಕದ ಹಿರಿಯರಿಗೆ ಹೇಳುತ್ತೇನೆ. ಅಜ್ಜಾ, ವಿಮಾನ ಬಿದ್ದಿಲ್ಲ ಅಂತ ಶಿವಲೀಲಾಗೆ ಗೊತ್ತಿತ್ತಲ್ಲವೇ? ಗೊತ್ತಿತ್ತು. ಆದರೂ ಕಸ ಹೊಡೆಯಲಿಲ್ಲ. ಗೊತ್ತಿರುವುದು ಬೇರೆ, ನಮ್ಮವರ ಬಾಯಿಂದ ಕೇಳುವುದು ಬೇರೆ. ನೀವೆಲ್ಲಿದ್ದೀರಿ ಅಂತ ದೇವರಿಗೆ ಗೊತ್ತು. ನೀವು ಕೈ ಮುಗಿದು ಹೇಳುವುದು ಅವನಿಗೆ ಗೊತ್ತಿಲ್ಲ ಅಂತಲ್ಲ. ನಿಮ್ಮನ್ನು ಈ ಲೋಕಕ್ಕೆ ಕಳಿಸಿಕೊಟ್ಟವನು ನಿಮ್ಮ ಹೆಜ್ಜೆ ಅಳಿಸದೆ ಕೂತಿದ್ದಾನೆ, ಅದಕ್ಕೆ. ದೊಡ್ಡ ಮಂತ್ರ ಬೇಡ. ಸಂಜೆ ದೀಪ ಹಚ್ಚಿ, ಇವತ್ತಿನ ದಿನ ಮುಟ್ಟಿದೆ ತಂದೇ ಅಂತ ಒಂದು ಮಾತು ಹೇಳಿದರೆ ಸಾಕು.

ಆದರೆ ದೇವರಿಗೆ ಹೇಳುವುದಕ್ಕೂ ಮೊದಲು ಒಂದು ಕೆಲಸವಿದೆ, ಇವತ್ತಿನಿಂದಲೇ. ಹೊರಗೆ ಹೋದಾಗ, ಹುಬ್ಬಳ್ಳಿಗಾಗಲಿ ದಿಲ್ಲಿಗಾಗಲಿ, ಬರೀ ಸಂತೆಗಾಗಲಿ, ಮುಟ್ಟಿದ ಕೂಡಲೇ ಮನೆಯವರಿಗೆ ತಿಳಿಸಿ. ಬ್ಯಾಗು ಕೆಳಗಿಡುವ ಮೊದಲು, ಚಹಾ ಕುಡಿಯುವ ಮೊದಲು. ಅವರೇ ಕೇಳಲಿ ಅಂತ ಕಾಯಬೇಡಿ. ಕೇಳಲಾರದವರೇ ಹೆಚ್ಚು ಕಾಯುತ್ತಿರುತ್ತಾರೆ. ಮತ್ತೆ ಊರಿಂದ ಬಂದಾಗ ಮನೆಯಲ್ಲಿ ಧೂಳು ಕಂಡರೆ ಬೈಯಲು ಬಾಯಿ ತೆರೆಯಬೇಡಿ. ಅದು ಯಾಕೆ ಉಳಿದಿದೆ ಅಂತ ಕೇಳಿ. ಕೇಳಿದ ಮೇಲೆ, ಆಗುವುದಾದರೆ, ಕಸಬರಿಗೆ ನೀವೇ ಕೈಗೆತ್ತಿಕೊಳ್ಳಿ. ನಗಬೇಡಿ ಅಣ್ಣಾ, ನಿಮಗೇ ಹೇಳಿದ್ದು.

ಹುಗ್ಗಿ ಇಳಿಸಿದ ವಾಸನೆ ಬಂತು. ತಿಂದು ಹೋಗಿ. ಆದರೆ ಎಲೆಯ ಮುಂದೆ ಕೂರುವ ಮೊದಲು, ನಸುಕಿನ ಕತ್ತಲಲ್ಲಿ ನಿಮ್ಮನ್ನು ಕಳಿಸಿ ಬಾಗಿಲಲ್ಲಿ ನಿಂತವರು ಯಾರು ಅಂತ ಒಮ್ಮೆ ನೆನೆಯಿರಿ. ಇಲ್ಲಿಗೆ ಮುಟ್ಟಿದ್ದೀರಿ ಅಂತ ಅವರಿಗೆ ಇನ್ನೂ ಯಾರೂ ಹೇಳಿಲ್ಲ.