ಇಬ್ಬರ ಅಡುಗೆಮನೆ

ಇಸ್ತ್ರಿಪೆಟ್ಟಿಗೆಯನ್ನು ರಿಪೇರಿಗೆ ಕೊಟ್ಟು ಅಂಗಡಿಯ ಬೆಂಚಿನ ಮೇಲೆ ಕಾಯುತ್ತಿದ್ದ ಟೈಲರಮ್ಮನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮಡಿಲಲ್ಲಿ ಕೆಟ್ಟ ಮಿಕ್ಸಿ ಇಟ್ಟುಕೊಂಡ ಹಿರಿಯರೊಬ್ಬರು, ಫೋನು ಹಿಡಿದ ಅವರ ತಂಗಿಯ ಮಗಳು.

“ಪಿಂಚಣಿ ಸಾಲಲ್ಲ, ಬ್ಲಾಗಿಂದ ದುಡಿಯೋ ದಾರಿ ಹೇಳು ಅಂದಿದ್ದು ನೀವೇ ಮಾವ. ಜಾಹೀರಾತು ಹಾಕಿದ್ರೆ ಬರೋದು ಚಿಲ್ಲರೆ ಕಾಸು. ಈ ಕುಕ್ಕರ್ ಕಂಪನಿಯವರು ಒಂದೇ ಬರಹಕ್ಕೆ ಕೈತುಂಬ ಕೊಡ್ತೀವಿ ಅಂತಿದ್ದಾರೆ.”

“ಬರೆಯೋಕೇನಮ್ಮ, ಬರೀಬಹುದು. ಫೋಟೋ ಕೇಳ್ತಾರಲ್ಲ.”

“ಕುಕ್ಕರ್ ಜೊತೆ ನಿಂತ್ಕೊಳ್ಳಿ, ನಾನೇ ತೆಗೀತೀನಿ.”

“ಗಂಡ ಹೆಂಡತಿ ಇಬ್ಬರದೂ ಬೇಕಂತೆ. ಬ್ಲಾಗಿನ ಹೆಸರೇ ‘ಇಬ್ಬರ ಅಡುಗೆಮನೆ’ ಅಲ್ವಾ.”

ಹುಡುಗಿ ಫೋನು ಕೆಳಗಿಳಿಸಿದಳು.

“ಅತ್ತೆ ಹೋಗಿ ಎರಡು ವರ್ಷ ಆಯ್ತು ಮಾವ. ಬ್ಲಾಗಲ್ಲಿ ಅದನ್ನ ಇನ್ನೂ ಬರೆದೇ ಇಲ್ವಾ?”

“ಇಲ್ಲ. ಅವಳು ಇದ್ದ ಹಾಗೇ ಭಾನುವಾರ ಭಾನುವಾರ ಬರೀತೀನಿ. ಉಪ್ಪು ಸಾಲದು ಅಂದಳು, ಈರುಳ್ಳಿ ಸೀಯಿಸಿದ್ದಕ್ಕೆ ಬೈದಳು, ಅಂತೆಲ್ಲ.”

“ಓದೋರಿಗೆ ಮೋಸ ಅಲ್ವಾ ಅದು?”

“ಮೋಸಾನೇ. ಆದ್ರೆ ಅವರು ‘ಮನೆಯವರು ಹೇಗಿದ್ದಾರೆ’ ಅಂತ ಕೇಳ್ತಾರೆ ಕಣಮ್ಮ. ಮನೆಗೆ ಬರೋರು ಯಾರೂ ಈಗ ಅವಳ ಹೆಸರೇ ಎತ್ತಲ್ಲ.”

ಟೈಲರಮ್ಮ ತನ್ನ ರಿಪೇರಿ ಚೀಟಿಯ ಮೇಲೆಯೇ ಕಣ್ಣಿಟ್ಟು ಕುಳಿತಳು. “ಮಿಕ್ಸಿಯವರು ಬನ್ನಿ” ಎಂದು ಒಳಗಿಂದ ಕೂಗು ಬಂತು.

“ಹಾಗಾದ್ರೆ ಕಂಪನಿಯವರಿಗೆ ಏನಂತ ಬರೀಲಿ ಮಾವ?”

ಹಿರಿಯರು ಮಿಕ್ಸಿಯನ್ನು ಅವಚಿಕೊಂಡು ಎದ್ದರು.

“ಅವಳು ಊರಲ್ಲಿಲ್ಲ ಅಂತ ಬರಿ.”

ಹುಡುಗಿ ಅವರ ತೋಳು ಹಿಡಿದು ಒಳಕ್ಕೆ ನಡೆದಳು.