ಮುಟ್ಟಿದ್ದು ಯಾವ ಬೆರಳು

ಹಂಗೆ ತಲೆ ಅಲ್ಲಾಡಿಸಬ್ಯಾಡ ಕಣೇ ತೇಜಶ್ರೀ! ಕೈಗೆ ಸ್ಪರ್ಶ ಬಂದೈತೆ ಅಂತಿದ್ದೀನಲ್ಲ, ಕಟ್ಕಂಡ ಗಂಡನ ಮಾತು ನಂಬಾಕಿಲ್ವಾ? ಸಾವ್ಕಾರ ನಾಗಭೂಷಣಣ್ಣ ಇನ್ನೇನು ಬರ್ತಾನೆ. ನನ್ನ ಗಂಡ ಮುತ್ತುರಾಜ ನೇಯ್ತಾನೆ ಅಂತ ನೀನು ಒಂದು ಮಾತು ಹೇಳು, ಸಾಕು. ಇಲ್ಲಾಂದ್ರೆ ನನ್ನ ಮಗ್ಗದಾಗೆ ಬೇರೆಯವನ್ನ ಕೂರಿಸ್ತಾನೆ... ಅಯ್ಯೋ, ನನ್ನ ಮಗ್ಗ ಕಣೇ! ಈ ಮೊಳಕಾಲ್ಮೂರಲ್ಲಿ ನನ್ನಂಗೆ ಸೀರೆ ಅಂಚು ಕೂರಿಸೋರು ಯಾರವ್ರೆ? ಆ ಹಾಳು ಕಿಟಕಿ ಗಾಜು ಒಡೆದು ಮಣಿಕಟ್ಟು ಸೀಳೋವರ್ಗೂ ಅದ್ರ ಮುಂದಿಂದ ಎದ್ದೋನೇ ಅಲ್ಲ ನಾನು.

ಏನು? ಚಳ್ಳಕೆರೆ ಡಾಕ್ಟ್ರು ಹೇಳಿದ್ದಾ? ನೆನಪೈತೆ ಬಿಡು. ನರ ಹೊಲಿದ್ರೆ ಮುಗೀತು, ಮಗ್ಗದ ಹಳೇ ಹಾಸುನೂಲಿಗೆ ಹೊಸ ಎಳೆ ಹೊಸೆದಂಗೆ, ನಾಳೇನೇ ನೇಯಬೌದು ಅಂದ್ಕಂಡಿದ್ದೆ. ನೇಕಾರನ ಬುದ್ಧಿ! ಅವ್ರು ನಕ್ಕುಬಿಟ್ರು. ‘ನಾನು ಹೊಲಿದಿದ್ದು ಮೇಲಿನ ಪೊರೆ ಅಷ್ಟೇ ಕಣಪ್ಪ, ಕುಯ್ದ ಜಾಗದಿಂದ ಆಚೆ ಬೆರಳ ಕಡೆಗಿನ ನರ ಸತ್ತೋಗುತ್ತೆ, ಹೊಸದು ಆ ಖಾಲಿ ಪೊರೆಯೊಳಗೇ ಚಿಗುರ್ಕಂಡು ಬರಬೇಕು, ದಿನಕ್ಕೆ ಒಂದು ಮಿಲಿಮೀಟ್ರು’ ಅಂದ್ರು. ಬಂದೈತೆ! ತಟ್ಟಿದ್ರೆ ಅಂಗೈವರ್ಗೂ ಜುಂ ಅನ್ನುತ್ತೆ... ಬೆರಳಿಗೂ ಬಂದೈತೆ. ಬಂದೈತೆ ಅಂದ್ನಲ್ಲ!

ಆ ಗುಳ್ಳೆ ಯಾಕೆ ನೋಡ್ತೀಯಾ? ಬೆಳಿಗ್ಗೆ ಸಾರಿನ ಪಾತ್ರೆ ಸುಟ್ಟಿದ್ದು. ಬಿಸಿ ಗೊತ್ತಾಯ್ತು ಕಣೇ... ಬಿಟ್ರೆ ಸಾರೆಲ್ಲ ಚೆಲ್ಲುತ್ತೆ ಅಂತ ಹಿಡ್ಕಂಡಿದ್ದೆ.

ಸರಿ, ನೀನೇ ನೋಡ್ಕ. ಒಂದು ರೇಷ್ಮೆ ಎಳೆ ತಗಾ, ಬೆರಳಿಗೆ ಮುಟ್ಟಿಸು. ಕಣ್ಣು ಮುಚ್ಕಂಡಿದ್ದೀನಿ... ಹೆಬ್ಬೆರಳು! ಅಲ್ವಾ? ಯಾಕೆ ನಗ್ತೀಯಾ? ಇಣುಕಿದ್ನಾ? ಹಂಗಾದ್ರೆ ಟವಲ್ ಕಟ್ಟು. ಬಿಗಿಯಾಗಿ ಕಟ್ಟು. ಬಳೆ ಯಾಕೆ ಬಿಚ್ತಿದ್ದೀಯಾ? ಸದ್ದು ಕೇಳ್ಕಂಡು ಹೇಳ್ತೀನಿ ಅಂತಾನಾ? ಎಂಥಾ ಹೆಂಗಸೇ ನೀನು!

ಹ್ಞೂಂ... ಹಿಡ್ಕ ಬೆರಳು. ಪಕ್ಕದ ಮನೆ ಮಗ್ಗ ಬೇರೆ ಒಂದೇ ಸಮ ಬಡೀತೈತೆ... ತೋರುಬೆರಳು! ಸರಿ ಅನ್ನು. ಈಗ... ನಡುಬೆರಳು, ತುದೀಲಿ. ಎಷ್ಟು ನಯ ಐತೆ ಎಳೆ! ಮತ್ತೆ ತೋರುಬೆರಳು. ಮುಟ್ತಾ ಇರು, ಎಲ್ಲಾ ಗೊತ್ತಾಗ್ತೈತೆ ನಂಗೆ... ತೇಜೂ? ಯಾಕೆ ಸುಮ್ಕಿದ್ದೀಯಾ? ತಪ್ಪಾಯ್ತಾ? ಏನಾದ್ರೂ ಅನ್ನೇ, ನಿಂಗೆ ಕೈ ಮುಗಿತೀನಿ... ತಡಿ, ಟವಲ್ ಬಿಚ್ತೀನಿ.

ಅಲ್ಲಿ ಬಾಗಿಲ ಹತ್ರ ಯಾಕೆ ನಿಂತಿದ್ದೀಯಾ? ಅಳಬ್ಯಾಡ್ವೇ... ನನ್ನ ಬೆರಳು ಬಿಟ್ಟು ಯಾವಾಗ ಎದ್ದೋದೆ?