ಹೀರೋ ಏಳುವ ಜಾಗ

ಒಮಾನಿನ ಇಬ್ರಿ ಪಟ್ಟಣದ ವಿಡಿಯೋ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಸ್ಟೆಲ್ಲಾ, ಮುಂದಿದ್ದ ಹೆಂಗಸು ಜಪಾನಿ ಕರಾಟೆ ಸಿನಿಮಾದ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟದ್ದು ಕಂಡು ಕಿವಿ ನಿಮಿರಿಸಿದಳು.

“ನಾಲ್ಕು ವಾರ ಇದೊಂದೇ ನೋಡಿದ್ದಾ, ಲೋಲಾಕ್ಷಕ್ಕ?” ಅಂಗಡಿಯ ಕೊಗ್ಗ ನಕ್ಕ. “ಫೈಟಿಂಗೆಲ್ಲ ಸವೆದಿರ್ಬೇಕು.”

“ಫೈಟಿಂಗ್ ಅಲ್ಲ. ಕಾಲು ಮುರಿದ ಹೀರೋ ಕೋಲು ಹಿಡಿದು ಏಳ್ತಾನಲ್ಲ, ಆ ಜಾಗ ಸವೆದದ್ದು. ಇವರು ದಿನಾ ಅದನ್ನೇ ಹಾಕಿ, ಅವನೊಟ್ಟಿಗೆ ಮಂಚ ಹಿಡಿದು ಏಳುವುದು.”

“ಭೋಜಣ್ಣನ ಕಾಲು ಈಗ ಹೇಗುಂಟು?”

“ಡಾಕ್ಟರು ಇನ್ನೂ ಒಂದು ತಿಂಗಳು ನಡೀಬಾರದು ಅಂದಿದ್ದಾರೆ. ಇವರು ಕೇಳ್ಬೇಕಲ್ಲ!”

“ಹಾಗಾದ್ರೆ ಇನ್ನೊಂದು ವಾರ ಇಟ್ಟುಕೊಳ್ಳಿ.”

“ಬೇಡ. ಬೇರೆ ಬೇಕಂತೆ.”

“ಯಾಕೆ?”

ಬಾಗಿಲಲ್ಲಿ ಕೋಲೂರಿ ನಿಂತಿದ್ದ ಗಂಡಸು ಗದರಿದ: “ಆ ಹೀರೋ ಏಳುವುದು ಭಾರಿ ನಿಧಾನ ಮಾರಾಯ. ಯಲ್ಲಾ, ಬೇಗ ಬೇರೆ ಕೊಡು!”

ಸ್ಟೆಲ್ಲಾ ಸರಿದು ದಾರಿ ಬಿಟ್ಟಳು. ಕೋಲಿನವನೇ ಮೇಜಿನವರೆಗೆ ನಡೆದು ಹೋದ.